ಮಸ್ಕತ್‌ನಲ್ಲಿ ಅಕ್ಕನ ತಟ್ಟೆಯಲ್ಲಿ ಉಳಿದದ್ದು

ಚಿಕ್ಕೋಡಿ

ಡಿಸೆಂಬರ್ ಎರಡು, ಮಂಗಳವಾರ, ಬೆಳಗಿನ ಏಳು ಗಂಟೆ ಹತ್ತು ನಿಮಿಷ. ನಮ್ಮ ಮನೆಯ ಎದುರಿಗಿರುವ ಕಾಳುಕಡಿ ಅಂಗಡಿಯ ತೂಕದ ಯಂತ್ರದ ಮೇಲೆ ಮೊದಲು ನನ್ನ ಚೀಲ ಏರಿತು, ಆಮೇಲೆ ನಾನು ಏರಿದೆ. ವಿಮಾನದವರಿಗೆ ಬೇಕಾದದ್ದು ಚೀಲದ ತೂಕ ಮಾತ್ರ. ನನ್ನದು ನನಗೆ ಬೇಕಿತ್ತು. ಪ್ರತಿ ತಿಂಗಳ ಮೊದಲ ವಾರ ತೂಕ ನೋಡಿ ಡೈರಿಯಲ್ಲಿ ಬರೆಯುವುದನ್ನು ನಾನು ಕಾಲೇಜಿನ ದಿನಗಳಿಂದ ಬಿಟ್ಟಿಲ್ಲ. ಚೀಲ ಇಪ್ಪತ್ಮೂರು ಕಿಲೋ, ನಾನು ಎಪ್ಪತ್ನಾಲ್ಕು. ಅಂಗಡಿಯ ಬಾಬು ಕಾಕಾ ಎರಡನ್ನೂ ಓಣಿಗೆಲ್ಲ ಕೇಳುವ ಹಾಗೆ ಓದಿದರು.

“ಬ್ಯಾಗ ಬರೋಬ್ಬರಿ ಐತಿ ನೋಡವಾ,” ಅಂದರು. “ಬ್ಯಾಗ ಅಷ್ಟ.”

ನಾನು ಹೊರಟಿದ್ದು ಒಮಾನ್ ದೇಶದ ಮಸ್ಕತ್‌ಗೆ, ಅಕ್ಕ ಸುಜಾತಾಳ ಮನೆಗೆ. ಭಾವನಿಗೆ ದೂರದ ಮರುಭೂಮಿಯ ತೈಲಬಾವಿಗಳಲ್ಲಿ ಕೆಲಸ. ಹೋದರೆ ವಾರಗಟ್ಟಲೆ ಮನೆಗೆ ಬರುವುದಿಲ್ಲ. ನಾನು ದೇಶ ನೋಡಲು ಹೊರಟಿದ್ದೇನೆ ಎಂದು ಅವ್ವ ತಿಳಿದಿದ್ದಳು. ನಿಜವಾದ ಕಾರಣವನ್ನು ಅಕ್ಕ ಫೋನಿನಲ್ಲಿ ನನಗೊಬ್ಬಳಿಗೇ ಹೇಳಿದ್ದಳು.

“ಸಂಜೀಕ ಉಂಡದ್ದು ಹೊಟ್ಟ್ಯಾಗ ನಿಲ್ಲವಲ್ದು ಪದ್ದಿ. ವಾಂತಿ ಆಗಾಕತ್ತೈತಿ. ಡಾಕ್ಟರು ಎಕ್ಸ್‌ರೇ ಮಾಡೋಣ ಅಂದಾರ. ಒಬ್ಬಾಕಿನ ಹೋಗಾಕ ಅಂಜಿಕಿ ಬರತೈತಿ. ಅವ್ವಗ ಹೇಳಬ್ಯಾಡ.”

ಒಂದು ವರ್ಷ ಎರಡು ತಿಂಗಳ ಹಿಂದೆ ಅಕ್ಕ ಮಸ್ಕತ್‌ನಲ್ಲಿಯೇ ಹೊಟ್ಟೆಯ ಬ್ಯಾಂಡ್ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದಳು. ಜಠರದ ಮೇಲ್ಭಾಗಕ್ಕೆ ಸಿಲಿಕೋನಿನ ಒಂದು ಪಟ್ಟಿಯನ್ನು ಉಂಗುರದಂತೆ ಸುತ್ತುತ್ತಾರೆ. ಅದರ ಮೇಲೆ ಒಂದು ಪುಟ್ಟ ಚೀಲದಷ್ಟು ಜಾಗ ಉಳಿಯುತ್ತದೆ. ನಾಲ್ಕು ತುತ್ತಿಗೆ ಅದು ತುಂಬುತ್ತದೆ, ಹಸಿವು ಅಡಗುತ್ತದೆ. ಪಟ್ಟಿಯಿಂದ ಒಂದು ಸಣ್ಣ ನಳಿಕೆ ಚರ್ಮದ ಅಡಿಯಲ್ಲಿ ಕೂರಿಸಿದ ಗುಂಡಿಯ ತನಕ ಬರುತ್ತದೆ. ಆ ಗುಂಡಿಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವ ಇನ್ನೊಂದು ಶಸ್ತ್ರಕ್ರಿಯೆಯೂ ಇದೆ. ಅಕ್ಕ ಅದಕ್ಕೆ ಒಪ್ಪಲಿಲ್ಲ. ಬೇಡವೆಂದರೆ ತೆಗೆಸಬಹುದಾದದ್ದೇ ಸಾಕು ಎಂದಳು.

ಆಗ ಅವಳು ನೂರಾ ನಾಲ್ಕು ಕಿಲೋ ಇದ್ದಳು. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿದ್ದರಿಂದ ಮೂಗಿಗೆ ಒಂದು ಯಂತ್ರ ಕಟ್ಟಿಕೊಳ್ಳುತ್ತಿದ್ದಳು. ಈಗ ಇನ್ಸುಲಿನ್ ಇಲ್ಲ, ಯಂತ್ರ ಕಪಾಟು ಸೇರಿದೆ, ತೂಕ ಎಪ್ಪತ್ತು, ನನಗಿಂತ ಎತ್ತರದ ಅವಳಿಗೆ ಅದು ಕಾಣುವುದೇ ಇಲ್ಲ. ಹುಟ್ಟಿದಾಗಿನಿಂದ ಅಪ್ಪನ ಕಡೆಯ ಮೈಕಟ್ಟು ನಮ್ಮಿಬ್ಬರಿಗೂ ಸಮನಾಗಿ ಬಂದಿತ್ತು. ಅದನ್ನು ಅವಳು ನನ್ನೊಬ್ಬಳಿಗೇ ಬಿಟ್ಟು ಹೋದಂತಾಗಿತ್ತು.

ದೀಪಾವಳಿಗೆ ಮುಂಚೆ ಕಾಗವಾಡದಿಂದ ಹುಡುಗನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗನ ತಾಯಿ ಅವ್ವನ ಮೊಬೈಲಿನಲ್ಲಿ ಅಕ್ಕನ ಹೊಸ ಫೋಟೋ ನೋಡಿ, “ಈ ಹುಡಿಗೀದು ಲಗ್ನ ಆಗೇತೇನ್ರಿ?” ಎಂದು ಕೇಳಿದರು. ಅವಲಕ್ಕಿ ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ.

ಆದ್ದರಿಂದ ನಾನು ಅಕ್ಕನಿಗೆ ಜೊತೆಯಾಗಲು ಹೊರಟದ್ದೂ ನಿಜ, ಅವಳ ಡಾಕ್ಟರನ್ನು ಕಂಡು ನನಗೂ ಒಂದು ಬ್ಯಾಂಡ್ ಹಾಕುತ್ತೀರಾ ಎಂದು ಕೇಳಬೇಕೆಂದು ಹೊರಟದ್ದೂ ನಿಜ.

ಮಸ್ಕತ್ ವಿಮಾನ ನಿಲ್ದಾಣ, ಡಿಸೆಂಬರ್ 3

ಅವ್ವ ಕಟ್ಟಿಕೊಟ್ಟಿದ್ದ ಅಗಸಿ ಹಿಂಡಿಯ, ಅಂದರೆ ಅಗಸೆ ಚಟ್ನಿಪುಡಿಯ, ಡಬ್ಬಿಯನ್ನು ಕಸ್ಟಮ್ಸ್ ಅಧಿಕಾರಿ ತೆಗೆಸಿದ. ಬಿಳಿ ನಿಲುವಂಗಿ, ಕಸೂತಿಯ ಟೋಪಿ, ತುಂಬ ಸೌಮ್ಯ ಮುಖ. ಕಪ್ಪು ಪುಡಿಯನ್ನು ಮೂಗಿನ ಹತ್ತಿರ ಒಯ್ದ. ನಾನು ಬೇಡವೆನ್ನುವಷ್ಟರಲ್ಲಿ ಒಣಮೆಣಸಿನಕಾಯಿ ಅವನ ಮೂಗಿಗೇರಿತು. ಐದು ಸಲ ಸೀನಿದ. ಪ್ರತಿ ಸೀನಿಗೂ ದೇವರ ಹೆಸರು ಹೇಳಿದ. ಕಣ್ಣೊರೆಸಿಕೊಂಡು ಡಬ್ಬಿಯನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟು, “ತಾಯಿ ಕೊಟ್ಟದ್ದಾ?” ಎಂದು ಕೇಳಿದ. ಹೌದೆಂದೆ. ಹೋಗಿ ಎಂದು ಕೈ ತೋರಿಸಿದ. ನಮ್ಮ ಕಡೆ ತಪಾಸಣೆ ಮಾಡುವವರು ಇಷ್ಟು ಸೀನಿದ ಮೇಲೆ ಡಬ್ಬಿಯನ್ನೂ ಕೊಡುತ್ತಿರಲಿಲ್ಲ, ನನ್ನನ್ನೂ ಬಿಡುತ್ತಿರಲಿಲ್ಲ.

ಹೊರಗೆ ಬಂದು ಅಕ್ಕನನ್ನು ಹುಡುಕಿದೆ. ಕಂಬಿಗೆ ಆತು ನಿಂತಿದ್ದ ಒಬ್ಬ ತೆಳ್ಳನೆಯ ಹೆಂಗಸನ್ನು ದಾಟಿ ಮುಂದೆ ಹೋದೆ.

“ಏ ಹುಚ್ಚಿ, ನಾನ ಬೇ.”

ಫೋಟೋದಲ್ಲಿ ನೋಡಿದ್ದು ಬೇರೆ, ಎದುರಿಗೆ ನೋಡುವುದು ಬೇರೆ. ಅವಳ ಕುತ್ತಿಗೆಯ ಕೆಳಗೆ ಎರಡು ಎಲುಬು ಕಾಣುತ್ತಿದ್ದವು. ನಮ್ಮ ಮನೆತನದಲ್ಲಿ ಯಾರಿಗೂ ಆ ಎಲುಬುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ನನ್ನನ್ನು ತಬ್ಬಿಕೊಂಡಳು. ನನ್ನ ಕೈ ಅವಳ ಬೆನ್ನ ಸುತ್ತ ಪೂರ್ತಿ ಬಂದು ಇನ್ನೂ ಉಳಿಯಿತು. ಅವಳ ಕೈ ನನ್ನ ಸುತ್ತ ಅರ್ಧಕ್ಕೇ ನಿಂತಿತು. ಇದನ್ನು ಅವಳು ಗಮನಿಸಿರಲಿಕ್ಕಿಲ್ಲ.

ಮನೆಗೆ ಹೋದ ತಕ್ಷಣ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಎಳೆದು ತಂದಳು. “ನಿನಗಂತನ ಇಟ್ಟೇನಿ. ಎಲ್ಲಾ ಛಲೋ ಡ್ರೆಸ್. ಒಂದೊಂದ ಸಲಾನೂ ಹಾಕಿಲ್ಲ ಕೆಲವು.”

ತೂಕ ಇಳಿಯುತ್ತ ಬಂದಾಗ ಕೊಂಡು, ಈಗ ಅವಳಿಗೆ ದೊಡ್ಡದಾದ ಬಟ್ಟೆಗಳು. ನನ್ನನ್ನು ನೋಯಿಸಬೇಕೆಂದು ಕೊಟ್ಟದ್ದಲ್ಲ. ಹನ್ನೊಂದು ಜೊತೆ ಇದ್ದವು, ಎಲ್ಲ ಹಾಕಿ ನೋಡಿದೆ. ಒಂದೆರಡಾದರೂ ಸಡಿಲವಾಗಲಿ ಎಂದು ಬೇಡಿಕೊಂಡೆ. ನಾಲ್ಕು ಜೊತೆ ಹೊಲಿಸಿದಂತೆ ಸರಿಯಾಗಿ ಕೂತವು, ಉಳಿದವು ಬಿಗಿಯಾದವು.

ರೂವಿ, ಮೊದಲ ಸಂಜೆಗಳು

ಅಕ್ಕ ಇರುವ ಬಡಾವಣೆಯ ಹೆಸರು ರೂವಿ. ಬಿಳಿ ಕಟ್ಟಡಗಳು, ಅವುಗಳ ಬೆನ್ನಿಗೇ ಒಂದು ಹುಲ್ಲೂ ಇಲ್ಲದ ಕಂದು ಗುಡ್ಡಗಳು. ನಮ್ಮ ಕಡೆ ಸೂರ್ಯ ಕಬ್ಬಿನ ಗದ್ದೆಯ ಅಂಚಿನವರೆಗೂ ನಿಧಾನವಾಗಿ ಇಳಿಯುತ್ತಾನೆ, ಕೊನೆಯ ತುಣುಕಿನ ತನಕ ಕಾಣುತ್ತಾನೆ. ಇಲ್ಲಿ ಗುಡ್ಡದ ತಲೆ ಮುಟ್ಟಿದ ಎಂದರೆ ಮುಗಿಯಿತು, ಬೀದಿಗೆಲ್ಲ ಒಮ್ಮೆಲೇ ನೆರಳು.

ಅಕ್ಕ ಹಡಗು ಸಾಗಾಣಿಕೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಮನೆ ಮುಟ್ಟುವಾಗ ಐದಕ್ಕೆ ಹತ್ತು ನಿಮಿಷ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಬಾಲ್ಕನಿಯಲ್ಲಿ ಬಗ್ಗಿ ಗುಡ್ಡ ನೋಡುತ್ತಿದ್ದಳು.

“ಹೊಂಟಾನ ನೋಡ, ಲಗೂ ಕುಂದರ.”

ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ನಮ್ಮ ಮನೆಯಲ್ಲಿ ರಾತ್ರಿ ನೀರೂ ಇಲ್ಲ. ಇನ್ನೊಂದು ರೂಢಿಯೆಂದರೆ ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡುವುದಿಲ್ಲ. ಎಂಜಲಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟಿ ಸಾಯುತ್ತವೆ, ಅದು ನಮಗೆ ತಟ್ಟುತ್ತದೆ ಎಂದು ನಂಬಿಕೆ. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತಿರುವಿ, ಆ ನೀರನ್ನು ಕುಡಿದುಬಿಡುತ್ತೇವೆ. ಇದನ್ನು ನಾನು ಯಾವತ್ತೂ ವಿಶೇಷವೆಂದು ಬರೆದದ್ದಿಲ್ಲ. ಬಾಯಿ ಮುಕ್ಕಳಿಸುವುದನ್ನು ಯಾರಾದರೂ ಬರೆಯುತ್ತಾರೆಯೇ?

ಅಕ್ಕ ಒಂದು ಸಣ್ಣ ಬಟ್ಟಲು ಬೇಳೆ ಕಿಚಡಿ ಹಾಕಿಕೊಂಡಳು. ಗುಡ್ಡದ ಮೇಲೆ ಒಂದು ಕಣ್ಣು, ಬಟ್ಟಲ ಮೇಲೆ ಒಂದು ಕಣ್ಣು. ಅರ್ಧಕ್ಕೆ ಬಂದಾಗ ಅವಳ ಎದೆ ಒಮ್ಮೆ ಬಿಗಿದದ್ದು ನನಗೆ ಕಂಡಿತು. ನಿಲ್ಲಿಸಲಿಲ್ಲ. ತಿಂದು ಮುಗಿಸಿ, ಬಟ್ಟಲಿಗೆ ನೀರು ಹಾಕಿ ತಿರುವಿ ಕುಡಿದಳು. ಅದರ ಮೇಲೆ ರಾತ್ರಿಗೆಂದು ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಇಳಿಸಿದಳು. ಗುಡ್ಡದ ಹಿಂದೆ ಸೂರ್ಯ ಇಳಿದ. ಹತ್ತು ನಿಮಿಷವೂ ಆಗಿರಲಿಲ್ಲ, ಬಚ್ಚಲಿನಿಂದ ಸದ್ದು ಬಂತು.

ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿದ್ದವು. “ನೀ ಉಣ್ಣು,” ಅಂದಳು. “ನನ್ನ ನೋಡಿ ಬಿಡಬ್ಯಾಡ.”

ನಾನು ಬಿಡಲಿಲ್ಲ, ಉಂಡೆ. ಉಣ್ಣುತ್ತಾ ಯೋಚಿಸಿದ್ದು ಇದು: ಇವಳಿಗೆ ಉಂಡದ್ದೂ ಮೈಗೆ ಹತ್ತುವುದಿಲ್ಲ. ಅವಳ ಸಂಕಟದಲ್ಲೂ ನನಗೆ ಲಾಭವೇ ಕಂಡಿತು.

ಉಮ್ ಸಾಲಿಮ್ ಅವರ ಮನೆ, ಡಿಸೆಂಬರ್ 6

ಎದುರು ಮನೆಯಾಕೆಯನ್ನು ಎಲ್ಲರೂ ಉಮ್ ಸಾಲಿಮ್ ಎನ್ನುತ್ತಾರೆ. ಸಾಲಿಮ್‌ನ ತಾಯಿ ಎಂದರ್ಥ. ಮಗನ ಹೆಸರಿನಿಂದ ತಾಯಿಯನ್ನು ಕರೆಯುವುದು ನಮ್ಮಲ್ಲೂ ಇದೆ, ಆದ್ದರಿಂದ ಎರಡನೇ ದಿನಕ್ಕೇ ನನಗೆ ಅವರು ಹಳೇ ಪರಿಚಯದವರ ಹಾಗೆ ಅನ್ನಿಸಿದರು. ಅಂಗಡಿಯವರ ಜೊತೆ ಮಾತಾಡಿ ಕಲಿತ ಹಿಂದಿ ಅವರದ್ದು. ನನ್ನದೂ ಅಷ್ಟೇ.

ಶನಿವಾರ ಬೆಳಿಗ್ಗೆ ಕಾಫಿಗೆ ಕರೆದರು. ಖರ್ಜೂರ, ಏಲಕ್ಕಿ ಹಾಕಿದ ಹಾಲಿಲ್ಲದ ತಿಳಿ ಕಾಫಿ, ಕುಂಕುಮದ ಬಟ್ಟಲಿನಷ್ಟು ಚಿಕ್ಕ ಕಪ್ಪಿನಲ್ಲಿ. ಕುಡಿದು ಮುಗಿಸಿದೆ, ತುಂಬಿದರು. ಮುಗಿಸಿದೆ, ತುಂಬಿದರು. ನಮ್ಮಲ್ಲಿ ಅತಿಥಿ ಬಿಟ್ಟು ಏಳಬಾರದು, ಇಲ್ಲಿ ಮನೆಯವರು ಬಿಡುತ್ತಿಲ್ಲ. ಏಳನೇ ಕಪ್ಪಿಗೆ ನನ್ನ ಕೈ ನಡುಗತೊಡಗಿತು. ಅದನ್ನು ನೋಡಿದ್ದೇ ಉಮ್ ಸಾಲಿಮ್ ನಕ್ಕು, ಕಾಫಿಯ ಹೂಜಿ ಕೆಳಗಿಟ್ಟರು. ಸಾಕು ಎನ್ನಬೇಕಾದರೆ ಖಾಲಿ ಕಪ್ಪನ್ನು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಬೇಕಂತೆ. ಮತ್ತೆ ಯಾರೂ ಒತ್ತಾಯ ಮಾಡುವುದಿಲ್ಲ. ನನ್ನ ಕೈ ತಾನಾಗಿ ಅಲ್ಲಾಡಿತ್ತು.

ಅಥಣಿಯ ನಮ್ಮ ಅಜ್ಜಿಯ ಮನೆಯಲ್ಲಿ ಹೋಳಿಗೆ ಬಡಿಸುವಾಗ ತಟ್ಟೆಯ ಮೇಲೆ ಎರಡೂ ಅಂಗೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಸುರಿಯುತ್ತಾರೆ. ಬೇಡ ಎಂದರೆ, ಸಿಟ್ಟು ಯಾಕ ಎನ್ನುತ್ತಾರೆ. ಕಪ್ಪು ಅಲ್ಲಾಡಿಸಿದರೆ ಮುಗಿಯುವ ಈ ದೇಶದ ಮೇಲೂ ನನಗೆ ಆವತ್ತು ಅಸೂಯೆಯಾಯಿತು.

ಹೊರಡುವಾಗ ಉಮ್ ಸಾಲಿಮ್ ಅಕ್ಕನಿಗೊಂದು ಮಾತು ಹೇಳಿದರು. ಅವರು ವಾರದಲ್ಲಿ ಎರಡು ದಿನ ಉಪವಾಸ ಹಿಡಿಯುತ್ತಾರೆ. ಸಂಜೆ ಬಾಲ್ಕನಿಯಲ್ಲಿ ಅಕ್ಕ ಗುಡ್ಡ ನೋಡಿ ಓಡುವುದನ್ನು ಕಂಡಿದ್ದಾರೆ. “ಅದು ಗುಡ್ಡ, ಸೂರ್ಯಾಸ್ತವಲ್ಲ. ಸಂಜೆಯ ಆಜಾನ್ ಕೇಳುವ ತನಕ ಸೂರ್ಯ ಇರುತ್ತಾನೆ. ನಾನು ಆ ಕೂಗಿಗೆ ಉಪವಾಸ ಬಿಡುವುದು.”

ಮೊಬೈಲಿನಲ್ಲಿ ಹೊತ್ತು ನೋಡಿದೆ. ಗುಡ್ಡಕ್ಕೂ ಆಜಾನ್‌ಗೂ ಇಪ್ಪತ್ತು ನಿಮಿಷದ ಅಂತರ. ಅವರು ಖರ್ಜೂರ ಬಾಯಿಗಿಡುವ ಹೊತ್ತಿಗೆ ನಾವು ತಟ್ಟೆ ಎತ್ತಬೇಕು, ಅಷ್ಟೇ ವ್ಯತ್ಯಾಸ. ಅಕ್ಕ ಒಂದು ವರ್ಷದಿಂದ ದಿನಾ ಇಪ್ಪತ್ತು ನಿಮಿಷ ಸುಮ್ಮನೆ ಕಳೆದುಕೊಂಡಿದ್ದಳು.

ಆಸ್ಪತ್ರೆ, ಡಿಸೆಂಬರ್ 9

ಬಿಳಿ ಸುಣ್ಣದಂಥ ದ್ರವ ಕುಡಿಸಿ, ಅದು ಇಳಿಯುವುದನ್ನು ಎಕ್ಸ್‌ರೇ ಪರದೆಯ ಮೇಲೆ ನೋಡುತ್ತಾರೆ. ಡಾಕ್ಟರು ಒಮಾನಿನವರೇ, ಎತ್ತರದ ಮನುಷ್ಯ, ನಮಗೆ ತಿಳಿಯಲೆಂದು ಇಂಗ್ಲಿಷನ್ನು ಬಿಡಿಬಿಡಿಯಾಗಿ ಮಾತಾಡುತ್ತಿದ್ದರು. ಚಿತ್ರದಲ್ಲಿ ಬೆರಳಿಟ್ಟು ತೋರಿಸಿದರು. ಬ್ಯಾಂಡಿನ ಮೇಲಿನ ಪುಟ್ಟ ಚೀಲ ಹಿಗ್ಗಿದೆ. ಹೀಗೇ ಬಿಟ್ಟರೆ ಬ್ಯಾಂಡ್ ಜಾರುತ್ತದೆ. ಜಾರಿದರೆ ತೆಗೆಯಲೇಬೇಕು, ಕೆಲವೊಮ್ಮೆ ತುರ್ತಾಗಿ.

“ತಗದರ?” ಎಂದು ಅಕ್ಕ ಕನ್ನಡದಲ್ಲೇ ಕೇಳಿಬಿಟ್ಟಳು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು.

ತೆಗೆದರೆ ಹಸಿವು ಮರಳುತ್ತದೆ, ಹೆಚ್ಚಿನವರಲ್ಲಿ ತೂಕವೂ ಮರಳುತ್ತದೆ, ಸಕ್ಕರೆಯೂ ಏರಬಹುದು ಎಂದರು. ಅಕ್ಕ ತೊಡೆಯ ಮೇಲೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ಜಾಗವನ್ನು ಒರೆಸಿಕೊಂಡಳು. ತನಗೇ ಗೊತ್ತಿಲ್ಲದೆ.

ಏಕೆ ಹಿಗ್ಗಿತು ಎಂಬುದಕ್ಕೆ ಆಹಾರತಜ್ಞೆಯ ಬಳಿ ಕಳಿಸಿದರು. ಹನಾನ್ ಎಂಬ ಈಜಿಪ್ಟಿನ ಹೆಂಗಸು. ತರಲು ಹೇಳಿದ್ದ ಅಕ್ಕನ ಊಟದ ಡಬ್ಬಿ ಮುಂದಿಟ್ಟು, “ಮನೆಯಲ್ಲಿ ಸಂಜೆ ಹೇಗೆ ತಿನ್ನುತ್ತೀರೋ ಹಾಗೇ ತಿನ್ನಿ, ನಾನಿಲ್ಲ ಅಂದುಕೊಳ್ಳಿ” ಎಂದರು. ಅಕ್ಕ ನಾಚುತ್ತ ತಿಂದಳು. ಮುಗಿಸಿ, ರೂಢಿಯಂತೆ ಡಬ್ಬಿಗೆ ನೀರು ಸುರಿದು, ಅಲ್ಲಾಡಿಸಿ, ಕುಡಿದಳು.

ಹನಾನ್ ಪೆನ್ನು ಕೆಳಗಿಟ್ಟರು. “ಇದೇನು?”

“ತಟ್ಟೆ ತೊಳೆಯುವುದು,” ಎಂದಳು ಅಕ್ಕ.

“ಕುಡಿದು?”

“ಹೌದು.”

ಅವರು ನನ್ನ ಕಡೆ ತಿರುಗಿದರು. “ನೀವೂ?”

“ನಾನೂ,” ಎಂದೆ.

ಊಟದ ಜೊತೆ ನೀರು ಬೇಡ, ಮುಂಚೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ ಬೇಡ ಎಂದು ಅವರು ಶಸ್ತ್ರಕ್ರಿಯೆಯಾದಾಗಲೇ ಬರೆದುಕೊಟ್ಟಿದ್ದರು. ಅಕ್ಕ ಓದಿದ್ದಳು, ರಾತ್ರಿಗೆಂದು ಕುಡಿಯುವ ಆ ಒಂದು ಲೋಟ ಬಿಟ್ಟರೆ ಪಾಲಿಸುತ್ತಿದ್ದೇನೆಂದೇ ತಿಳಿದಿದ್ದಳು. ಲೋಟದಿಂದ ಕುಡಿದದ್ದು ಮಾತ್ರ ಅವಳಿಗೆ ನೀರು. ತಟ್ಟೆ ತೊಳೆದದ್ದು ನೀರಿನ ಲೆಕ್ಕಕ್ಕೆ ಬರುತ್ತದೆಂದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮಧ್ಯಾಹ್ನ ಕಚೇರಿಯಲ್ಲಿ ತಿನ್ನುವುದು ಎರಡು ಬಿಸ್ಕತ್ತು. ಸಂಜೆ ಗುಡ್ಡದ ಜೊತೆ ಓಟ. ಹೊಟ್ಟೆ ಸಾಕೆಂದರೂ ಎಂಜಲು ಬಿಡಬಾರದೆಂದು ನುಂಗುವುದು. ಅದರ ಮೇಲೆ ಎರಡು ಸಲ ನೀರು. ಇದೆಲ್ಲ ಒಂದೊಂದಾಗಿ ಹೊರಬಂದಾಗ ಹನಾನ್ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಸೂರ್ಯಾಸ್ತದ ನಂತರ ತಿನ್ನಬಾರದು ಎಂದು ನಿಮ್ಮ ನಿಯಮವೋ, ಸೂರ್ಯಾಸ್ತಕ್ಕೆ ಮುಂಚೆ ತಿನ್ನಲೇಬೇಕು ಎಂದು ನಿಯಮವೋ?”

ಊರಿಗೆ ಫೋನ್ ಮಾಡಿ ಕೇಳಿ ಹೇಳುತ್ತೇವೆ ಎಂದಳು ಅಕ್ಕ.

ಡಾಕ್ಟರು ಬ್ಯಾಂಡಿನ ನೀರನ್ನೆಲ್ಲ ತೆಗೆಯಲು ನಿರ್ಧರಿಸಿದರು. ಆರು ವಾರ ಜಠರಕ್ಕೆ ವಿಶ್ರಾಂತಿ. ಆಮೇಲೆ ಇನ್ನೊಂದು ಎಕ್ಸ್‌ರೇ. ಹಿಗ್ಗಿದ್ದು ಕುಗ್ಗಿದರೆ ಬ್ಯಾಂಡ್ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಸೂಜಿ ಹಾಕಿ ನೀರು ಎಳೆಯಲು ಐದು ನಿಮಿಷವೂ ಬೇಕಾಗಲಿಲ್ಲ. ಅಕ್ಕನಿಗೆ ಹೆಚ್ಚು ನೋವೂ ಆಗಲಿಲ್ಲ, ಆದರೆ ಅತ್ತಳು. ನಾನು ಅವಳ ಕೈ ಹಿಡಿದಿದ್ದೆ. ಇನ್ನು ಆರು ವಾರ ಇವಳೂ ನನ್ನ ಹಾಗೆಯೇ ಎಂದು ಒಳಗೊಳಗೇ ಹಗುರಾಗಿದ್ದೆ.

ಅಕ್ಕ ಬಟ್ಟೆ ಸರಿಮಾಡಿಕೊಳ್ಳಲು ಒಳಗೆ ಹೋದಾಗ ನನ್ನ ಮಾತನ್ನು ಡಾಕ್ಟರ ಮುಂದಿಟ್ಟೆ. ಅವರು ನನ್ನ ಎತ್ತರ ಕೇಳಿದರು, ತೂಕ ಕೇಳಿದರು. ಸಕ್ಕರೆ? ಇಲ್ಲ. ರಕ್ತದೊತ್ತಡ? ಇಲ್ಲ. ಮಲಗಿದಾಗ ಉಸಿರು ಕಟ್ಟುವುದು? ಇಲ್ಲ. ಪ್ರತಿ ‘ಇಲ್ಲ’ಕ್ಕೂ ನನಗೆ ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗುತ್ತಿರುವಂತೆ ಅನ್ನಿಸಿತು.

“ನಿಮಗೆ ಇದರ ಅಗತ್ಯವಿಲ್ಲ,” ಎಂದರು. “ನಾವೇ ಈಗ ಬ್ಯಾಂಡ್ ಹಾಕುವುದು ಕಡಿಮೆ ಮಾಡಿದ್ದೇವೆ. ಜಾರಬಹುದು, ನಿಧಾನವಾಗಿ ಜಠರದ ಗೋಡೆಯನ್ನೇ ಕೊರೆಯಬಹುದು, ಚರ್ಮದಡಿಯ ಗುಂಡಿಗೆ ಸೋಂಕು ತಗಲಬಹುದು, ನಳಿಕೆ ಸೋರಬಹುದು. ಎದೆಯುರಿ ಬರುತ್ತದೆ. ಎಷ್ಟೋ ಮಂದಿಗೆ ವರ್ಷಗಳ ಮೇಲೆ ಇನ್ನೊಂದು ಶಸ್ತ್ರಕ್ರಿಯೆ ಮಾಡಿ ತೆಗೆಯಬೇಕಾಗಿದೆ. ನಿಮ್ಮ ಅಕ್ಕನಿಗೆ ಆಗ ಅಪಾಯ ದೊಡ್ಡದಿತ್ತು, ಆದ್ದರಿಂದ ಈ ಅಪಾಯಗಳು ಚಿಕ್ಕವೆನಿಸಿದವು. ಇನ್ಸುಲಿನ್ ಬಿಟ್ಟರು, ಮೆಟ್ಟಿಲು ಹತ್ತುತ್ತಾರೆ. ನಿಮಗೆ ಆ ಲೆಕ್ಕ ಕೂಡುವುದಿಲ್ಲ.”

ಊರಿನ ಸಹಕಾರ ಸಂಘದಲ್ಲಿ ಜಮಾ ಖರ್ಚು ಬರೆಯುವ ನನಗೆ ಈ ಮಾತು ಅರ್ಥವಾಗಬೇಕಿತ್ತು, ಆಯಿತು ಕೂಡ. ಆದರೂ ಆಸ್ಪತ್ರೆಯಿಂದ ಹೊರಬರುವಾಗ ನನಗೆ ಅಕ್ಕನ ಸಕ್ಕರೆ ಕಾಯಿಲೆಯ ಮೇಲೆ ಹೊಟ್ಟೆಕಿಚ್ಚಾಗಿತ್ತು. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಅತ್ತೆಯ ಫೋನು

ಹನಾನ್ ಕೇಳಿದ ಪ್ರಶ್ನೆಗೆ ಉತ್ತರ ಬೇಕಿತ್ತು. ರಾಯಬಾಗದಲ್ಲಿರುವ ನಮ್ಮ ಸೋದರತ್ತೆಗೆ ಫೋನ್ ಮಾಡಿದೆವು. ಅತ್ತೆ ಪ್ರತಿ ವರ್ಷ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಒಂದೇ ಹೊತ್ತು ಉಣ್ಣುವವರು. ನಿಯಮದ ವಿಷಯದಲ್ಲಿ ನಮ್ಮ ಮನೆತನದಲ್ಲಿ ಅವರ ಮಾತು ಕೊನೆಯದು. ಅಕ್ಕ ಎಲ್ಲ ಹೇಳಿದಳು, ವಾಂತಿಯನ್ನೂ ಹೇಳಿದಳು.



“ಮುಳಗಿದ ಮ್ಯಾಲ ಉಣಬ್ಯಾಡ ಅಂತ ಐತಿ,” ಎಂದರು ಅತ್ತೆ. “ಮುಳಗೂದ್ರಾಗ ನುಂಗು ಅಂತ ಯಾರ ಹೇಳ್ಯಾರ ನಿನಗ? ನಾಕಕ್ಕ ಉಣ್ಣು. ಮೂರಕ್ಕ ಉಣ್ಣು. ಒಂದ ಹೊತ್ತ ಉಣ್ಣಾವ್ರು ಇದ್ದಾರೋ ಇಲ್ಲೋ?”

“ಆಫೀಸ್ ಇರತೈತ್ರಿ ಅತ್ತಿ.”

“ಆಫೀಸ್‌ನ್ಯಾಗ ಯಾರೂ ಉಣ್ಣೂದಿಲ್ಲೇನ?”

“ತಾಟ ತೊಳದ ಕುಡ್ಯಾಕ ಬ್ಯಾಡ ಅಂದಾರ್ರಿ.”

“ತಾಟಿನ್ಯಾಗ ಉಳಸಬ್ಯಾಡ ಅಂತ ಹೇಳೂದು ಅದು. ನಿನ್ನ ಹೊಟ್ಟಿ ಒಡಕೋ ಅಂತ ಹೇಳಿಲ್ಲ. ಕಡಿಮಿ ಹಾಕ್ಕೋ. ಉಳದದ್ದ ಆ ಪದ್ದೀಗ ಕೊಡು, ಅಕಿ ಹೆಂಗೂ ಬಿಡೂದಿಲ್ಲ.”

ಫೋನು ಸ್ಪೀಕರಿನಲ್ಲಿತ್ತು. ಅಕ್ಕ ವಾರದ ನಂತರ ಮೊದಲ ಸಲ ನಕ್ಕದ್ದು ಅಲ್ಲಿ.

ಬ್ಯಾಂಡ್ ಖಾಲಿ ಇದ್ದ ವಾರಗಳು

ಮೊದಲ ವಾರ ಬರೀ ಗಂಜಿ, ಮಜ್ಜಿಗೆ, ಬೇಳೆಕಟ್ಟು. ಎರಡನೇ ವಾರ ಮೆತ್ತನೆಯದು. ಅಕ್ಕ ಕಚೇರಿಯಲ್ಲಿ ಮಾತಾಡಿ ಮೂರೂವರೆಗೆ ಅರ್ಧ ಗಂಟೆ ಪಡೆದುಕೊಂಡಳು. ಅಲ್ಲಿ ನಿಧಾನವಾಗಿ ದೊಡ್ಡ ಊಟ, ಮನೆಗೆ ಬಂದು ನಾಲ್ಕು ಚಮಚ ಮೊಸರನ್ನ. ನೀರು ಬೇರೆ ಹೊತ್ತಿಗೆ. ವಾಂತಿ ನಿಂತಿತು.

ಆದರೆ ಹಸಿವು ಬಂತು. ಒಂದು ವರ್ಷ ಹಸಿವೆಂದರೇನೆಂದು ಮರೆತವಳು ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಮೆಸೇಜು ಕಳಿಸುತ್ತಿದ್ದಳು: ಏನು ಮಾಡಿದ್ದಿ, ಎಷ್ಟು ಮಾಡಿದ್ದಿ. ನಾನು ಅಡುಗೆ ಮಾಡಿ ಡಬ್ಬಿ ತುಂಬುತ್ತಿದ್ದೆ. ಒಂದು ದಿನ ಆರು ತುತ್ತು ಹೋಗುತ್ತಿತ್ತು, ಮರುದಿನ ಹನ್ನೆರಡು ಹೋದರೂ ಇನ್ನೂ ಬೇಕೆನ್ನುತ್ತಿತ್ತು. ಎಷ್ಟು ಹಾಕಿಕೊಂಡರೆ ಸರಿ ಎಂದು ಮೊದಲೇ ತಿಳಿಯುವಂತಿರಲಿಲ್ಲ. ಆದ್ದರಿಂದ ಡಬ್ಬಿಯಲ್ಲಿ ದಿನಾ ಏನಾದರೂ ಉಳಿಯುತ್ತಿತ್ತು, ಸಂಜೆ ಅದು ನನ್ನ ಪಾಲಿಗೆ ಬರುತ್ತಿತ್ತು. ಬಿಸಾಡಿದರೆ ಪಾಪ. ಅತ್ತೆಯ ಆಜ್ಞೆ ಬೇರೆ. ಅವಳ ಎಂಜಲನ್ನೂ ತಿಂದೆ, ಅವಳ ಡಬ್ಬಿ ತೊಳೆದ ನೀರನ್ನೂ ನಾನೇ ಕುಡಿದೆ. ಜನವರಿಯ ಮೊದಲ ವಾರ ತೂಕ ನೋಡಿದೆ. ಎಪ್ಪತ್ತಾರೂವರೆ. ಅವಳದು ಎಪ್ಪತ್ತೆರಡು.

“ನನ್ನ ಎರಡ ಕಿಲೋ ಏರಿದ್ದಕ್ಕ ನಾ ಅಳಾಕತ್ತೇನಿ, ನಿಂದೇನ ಬೇ ಹಿಂಗ?” ಎಂದಳು.

“ನಿನ್ನದ ಉಂಡದ್ದು,” ಎಂದೆ. ಸಿಟ್ಟಿನಿಂದಲೇ ಹೇಳಿದೆ. ಅವಳು ತೆಳ್ಳಗಾದರೂ ಬಟ್ಟೆ ನನಗೆ, ಅವಳು ಬಿಟ್ಟರೆ ಊಟವೂ ನನಗೆ.

ಒಂದು ಶುಕ್ರವಾರ ಮುತ್ರಾ ಎಂಬಲ್ಲಿಯ ಹಳೇ ಪೇಟೆಗೆ ಹೋದೆವು. ಸಮುದ್ರದ ಬದಿಗೆ ಬಿಳಿ ಮನೆಗಳ ಸಾಲು, ಒಳಗೆ ಕತ್ತಲೆ ಓಣಿಗಳು, ಎಲ್ಲೆಲ್ಲೂ ಧೂಪದ ಹೊಗೆ. ನಿಪ್ಪಾಣಿಯ ಪೇಟೆಗೆ ಹೋದರೆ ತಂಬಾಕಿನ ಘಾಟು ಮನೆಗೆ ಬಂದ ಮೇಲೂ ಸೀರೆಯಲ್ಲಿ ಇರುತ್ತದೆ. ಇಲ್ಲಿಯದು ಹಾಗಲ್ಲ, ಬಸದಿಯೊಳಗೆ ಹೋಗಿ ಬಂದಂತೆ. ಒಂದು ಅಂಗಡಿಯಲ್ಲಿ ಬಿಸಿ ಹಲ್ವ. ಕಂದು ಬಣ್ಣ, ಕೇಸರಿ, ತುಪ್ಪ. ರುಚಿಗೆಂದು ಅಂಗಡಿಯವನು ಇಬ್ಬರಿಗೂ ಒಂದೊಂದು ಚಮಚ ಕೊಟ್ಟ. ಅಕ್ಕ ಕಣ್ಣು ಮುಚ್ಚಿಕೊಂಡು ತಿಂದಳು. ಒಂದು ಬಟ್ಟಲು ತೆಗೆದುಕೊಂಡಳು. ಕಟ್ಟೆಯ ಮೇಲೆ ಕೂತು ಇಬ್ಬರೂ ಮುಗಿಸಿದೆವು. ನಾನು ಎರಡನೇ ಕ್ಲಾಸು, ಅವಳು ಆರನೇ ಕ್ಲಾಸು ಇದ್ದಾಗ ಕದ್ದು ಬೆಲ್ಲ ತಿಂದ ಹಾಗೆ ಇತ್ತು. ಆ ಒಂದು ಗಂಟೆ ನನಗೆ ಅವಳ ಮೇಲೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಸಕ್ಕರೆ ತಿಂಗಳುಗಟ್ಟಲೆ ಕಾಣದಷ್ಟು ಏರಿತ್ತು. ಬೆರಳಿಗೆ ಚುಚ್ಚಿ ನೋಡುವ ಯಂತ್ರವನ್ನು ನನ್ನ ಮುಖದ ಮುಂದೆ ಹಿಡಿದಳು.

“ನೋಡ,” ಎಂದಳು. “ತೆಳ್ಳಗ ಕಾಣಾಕ ಹಾಕಿಸಿಕೊಂಡೇನಂತ ಊರಾಗ ಅಂತಾರಲ್ಲ. ಇದಕ್ಕ ಹಾಕಿಸಿಕೊಂಡದ್ದು. ಅಪ್ಪನ ಕಾಲು ನೆನಪೈತಿಲ್ಲೋ ನಿನಗ?”

ಸಕ್ಕರೆಯಿಂದ ಅಪ್ಪನ ಬಲಗಾಲಿನ ಎರಡು ಬೆರಳು ತೆಗೆದಿದ್ದರು. ಚಪ್ಪಲಿಯೊಳಗೆ ಹತ್ತಿ ತುಂಬಿಕೊಂಡು ನಡೆಯುತ್ತಿದ್ದರು. ನನಗೆ ನೆನಪಿತ್ತು. ಅಕ್ಕನ ಫೋಟೋಗಳನ್ನು ನೋಡುವಾಗ ಮಾತ್ರ ನೆನಪಾಗಿರಲಿಲ್ಲ. ಆ ದಿನದಿಂದ ಡಬ್ಬಿ ತುಂಬುವಾಗ ಅಳತೆ ತಪ್ಪಲಿಲ್ಲ, ಹಲ್ವದ ಸುದ್ದಿ ಇಬ್ಬರೂ ಎತ್ತಲಿಲ್ಲ.

ಮತ್ತೆ ಆಸ್ಪತ್ರೆ, ಜನವರಿ 20

ಅದೇ ಸುಣ್ಣದಂಥ ದ್ರವ, ಅದೇ ಪರದೆ. ಡಾಕ್ಟರು ಹಳೇ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ನನಗೆ ಏನು ಬೇಕಿತ್ತು ಎಂದು ನನ್ನನ್ನೇ ಕೇಳಿಕೊಂಡೆ. ಬ್ಯಾಂಡ್ ಉಳಿಯಲಿ ಎಂದೇ ಬೇಕಿತ್ತು. ಪೂರ್ತಿ ಮನಸ್ಸಿನಿಂದ ಎಂದು ಹೇಳಲಾರೆ, ಆದರೆ ಹೆಚ್ಚಿನ ಭಾಗ ಅದೇ.

ಹಿಗ್ಗಿದ್ದು ಕುಗ್ಗಿದೆ, ಪೂರ್ತಿ ಮೊದಲಿನಂತಾಗಿಲ್ಲ, ಎಂದರು. ಬ್ಯಾಂಡ್ ಸದ್ಯಕ್ಕೆ ಇರಲಿ. ನೀರನ್ನು ಮೊದಲಿಗಿಂತ ಕಡಿಮೆ ತುಂಬುತ್ತೇನೆ. ತೂಕ ಎಪ್ಪತ್ತಕ್ಕೆ ಮತ್ತೆ ಇಳಿಯದಿರಬಹುದು, ಅದರ ಹಿಂದೆ ಬೀಳಬೇಡಿ, ಸಕ್ಕರೆ ಹಿಡಿತದಲ್ಲಿದ್ದರೆ ಸಾಕು. ವಾಂತಿ ಮರುಕಳಿಸಿದರೆ, ಎದೆಯುರಿ ಹೆಚ್ಚಾದರೆ ತಡಮಾಡದೆ ಬರಬೇಕು. ಮುಂದಿನ ವರ್ಷ ಕೂತು ಮಾತಾಡೋಣ, ಇಟ್ಟುಕೊಳ್ಳುವುದೋ, ತೆಗೆಸಿ ಬೇರೇನಾದರೂ ಮಾಡುವುದೋ.

ಸೂಜಿ ಒಳಗೆ ಹೋದಾಗ ಅಕ್ಕ ಈ ಸಲ ಅಳಲಿಲ್ಲ. ಎದ್ದು ಕೂತು, ಡಾಕ್ಟರು ಕೊಟ್ಟ ನೀರನ್ನು ಒಂದೊಂದು ಗುಟುಕಾಗಿ ಕುಡಿದು, ಇಳಿಯುತ್ತದೆಯೇ ಎಂದು ತೋರಿಸಿದಳು. ಇಳಿಯಿತು.

ವಾಪಸು, ಜನವರಿ 23

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಆಚೆಗೆ ನೀರಿನ ಬಾಟಲಿ ಒಯ್ಯುವಂತಿಲ್ಲ ಎಂದರು. ಬಾಟಲಿ ತುಂಬ ಇತ್ತು. ಚೆಲ್ಲಲು ಮನಸ್ಸಾಗಲಿಲ್ಲ. ನಿಂತಲ್ಲೇ ತಲೆ ಮೇಲೆತ್ತಿ ಗಟಗಟ ಕುಡಿದು ಮುಗಿಸಿದೆ. ಬಾಯಿ ಒರೆಸಿಕೊಂಡು ನೋಡಿದರೆ ಅಕ್ಕ ನನ್ನ ಗಂಟಲನ್ನೇ ನೋಡುತ್ತಿದ್ದಳು.

“ಏನ?” ಎಂದೆ.

“ಹಂಗ ಕುಡದ ಎಷ್ಟ ದಿನಾ ಆತು,” ಎಂದಳು. “ಬ್ಯಾಸಗ್ಯಾಗ ಹೊಲದಿಂದ ಬಂದು ಒಂದ ತಂಬಿಗಿ ಒಂದ ಉಸರಿಗೆ ಕುಡೀತಿದ್ವಿ. ಈಗ ಒಂದ ಗುಟುಕ, ನಿಲ್ಲು, ಒಂದ ಗುಟುಕ, ನಿಲ್ಲು. ನೀರಡಿಕಿ ಹೋಗೂದ ಇಲ್ಲ ಪದ್ದಿ. ನಿನ್ನ ನೋಡಿದ್ರ ಹೊಟ್ಟಿ ಉರೀತೈತಿ.”

ಅವಳು ನಗಲಿಲ್ಲ. ಮಾತು ನಿಜವಿತ್ತು. ನನಗೆ ಇಪ್ಪತ್ತನಾಲ್ಕು ವರ್ಷ. ಯಾರಾದರೂ ನನ್ನನ್ನು ಕಂಡು ಹಾಗಂದದ್ದು ಇದೇ ಮೊದಲು. ನನಗೆ ಹಿತವಾಯಿತು, ಅದರ ಜೊತೆಗೇ ಬಾಟಲಿಯನ್ನು ಅವಳ ಕಣ್ಣಿಗೆ ಬೀಳದಂತೆ ಹಿಂದೆ ಹಿಡಿದೆ.

ಈಗ ಚಿಕ್ಕೋಡಿಗೆ ಬಂದು ಮೂರು ವಾರವಾಯಿತು. ಅಕ್ಕನ ಸಕ್ಕರೆ ಹಿಡಿತದಲ್ಲಿದೆ. ಮುಂದಿನ ವರ್ಷ ಅವಳು ನಿರ್ಧಾರ ಮಾಡಬೇಕು. ಡಾಕ್ಟರು ಹೇಳುವುದನ್ನು ಡಾಕ್ಟರ ಬಳಿಯೇ ಕೇಳುತ್ತೇವೆ. ಇದನ್ನು ಓದುವವರಲ್ಲಿ ಬ್ಯಾಂಡ್ ಹಾಕಿಸಿಕೊಂಡು ಹಲವು ವರ್ಷ ಕಳೆದವರು, ಅಥವಾ ತೆಗೆಸಿದವರು, ಅದರಲ್ಲೂ ಸೂರ್ಯಾಸ್ತದ ನಿಯಮ ಇಟ್ಟುಕೊಂಡೇ ಅದನ್ನು ನಿಭಾಯಿಸಿದವರು ಇದ್ದರೆ, ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ತೂಕ ಎಷ್ಟಾಯಿತು ಎಂದು ಬರೆಯದಿದ್ದರೂ ನಡೆಯುತ್ತದೆ. ತೆಗೆಸಿದ ಮೇಲೆ ಸಕ್ಕರೆ ಏನಾಯಿತು ಎಂಬುದನ್ನು ತಿಳಿಸಿ. ಮತ್ತು ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿಯಲು ನಿಮಗೆ ಮತ್ತೆ ಯಾವಾಗ ಆಯಿತು ಎಂಬುದನ್ನು ತಿಳಿಸಿ. ಅದನ್ನು ಅಕ್ಕ ಕೇಳಿಲ್ಲ, ನಾನು ಕೇಳುತ್ತಿದ್ದೇನೆ.